ಕಾರಿನ ಸ್ಟೇರಿಂಗ್ ಅದುರುತ್ತಿದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟೇರಿಂಗ್ ಅದುರಲು ಕಾರಣಗಳು ಹತ್ತಾರಿವೆ. ಯಾವ ಹೊತ್ತಿನಲ್ಲಿ ಅದುರುತ್ತದೆ ಎಂದು ಸರಿಯಾಗಿ ಗಮನಿಸಿದರೆ ಅವುಗಳಲ್ಲಿ ಬಹುಪಾಲನ್ನು ಗಾಡಿಗೆ ಜಾಕ್ ಹಾಕುವ ಮೊದಲೇ ಕೈಬಿಡಬಹುದು. ಇಲ್ಲಿನ ಉತ್ತರಗಳು ಮುಖ್ಯವಾಗಿ ಎಂಜಿನ್ನಿನ ಬಲ ಮುಂದಿನ ಚಕ್ರಗಳಿಗೆ ಹೋಗುವ ಸ್ವಿಫ್ಟ್, ವ್ಯಾಗನ್‌ಆರ್, ಐ20, ಟಿಯಾಗೊ, ಸಿಟಿಯಂಥ ಕಾರುಗಳಿಗೆ ಸಂಬಂಧಿಸಿದವು. ಬೊಲೆರೊ, ಇನ್ನೋವಾ ಕ್ರಿಸ್ಟಾ, ಈಕೋದಂಥವುಗಳ ವಿಚಾರ ಪ್ರತ್ಯೇಕವಾಗಿ ಬರುತ್ತದೆ.

ಗ್ಯಾರೇಜಿಗೆ ಹೋಗುವ ಮೊದಲು ಏನನ್ನು ಗಮನಿಸಬೇಕು?

ಮೊದಲು ನಾಲ್ಕೂ ಟೈರಿನ ಗಾಳಿ ಸರಿಮಾಡಿ. ಎಷ್ಟಿರಬೇಕೆಂಬುದು ಡ್ರೈವರ್ ಬಾಗಿಲು ತೆರೆದಾಗ ಕಾಣುವ ಸ್ಟಿಕ್ಕರ್‌ನಲ್ಲಿದೆ. ಟೈರು ತಣ್ಣಗಿರುವಾಗಲೇ ಅಳೆಯಬೇಕು. ಆಮೇಲೆ ಗುಂಡಿಗಳಿಲ್ಲದ, ವಾಹನಗಳು ಕಡಿಮೆ ಇರುವ ರಸ್ತೆಯಲ್ಲಿ ಅಲ್ಲಿನ ವೇಗಮಿತಿಯೊಳಗೇ ಓಡಿಸಿ ನೋಡಿ.

ನೋಡಬೇಕಾದ್ದು ಇಷ್ಟು. ನಡುಕ ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಬರುತ್ತದೆಯೇ? ಬ್ರೇಕ್ ಒತ್ತಿದಾಗ ಮಾತ್ರವೇ? ಆಕ್ಸಿಲರೇಟರ್ ಒತ್ತಿದಾಗ ಬಂದು ಕಾಲು ತೆಗೆದೊಡನೆ ನಿಲ್ಲುತ್ತದೆಯೇ? ಗಾಡಿ ನಿಂತಿದ್ದು ಎಂಜಿನ್ ಓಡುತ್ತಿರುವಾಗಲೂ ಇದೆಯೇ? ಅದೇ ವೇಗದಲ್ಲಿ ಹೋಗುತ್ತಿರುವಾಗ ಒಮ್ಮೆ ಗೇರ್ ನ್ಯೂಟ್ರಲ್‌ಗೆ ತಂದು ಎರಡು ಮೂರು ಸೆಕೆಂಡ್ ಬಿಡಿ. ಎಂಜಿನ್ ಆಫ್ ಮಾಡಬೇಡಿ. ಮಾಡಿದರೆ ಪವರ್ ಸ್ಟೇರಿಂಗ್ ನಿಂತುಹೋಗುತ್ತದೆ, ಬ್ರೇಕೂ ಗಟ್ಟಿಯಾಗುತ್ತದೆ. ನ್ಯೂಟ್ರಲ್‌ನಲ್ಲೂ ನಡುಕ ಹಾಗೇ ಇದ್ದರೆ ದೋಷ ಚಕ್ರ, ಟೈರು, ಬೇರಿಂಗ್ ಕಡೆಯದು. ನಿಂತುಹೋದರೆ ಎಂಜಿನ್, ಅದನ್ನು ಹಿಡಿದಿರುವ ರಬ್ಬರ್ ಮೌಂಟಿಂಗ್ ಅಥವಾ ಚಕ್ರಕ್ಕೆ ಬಲ ಒಯ್ಯುವ ಡ್ರೈವ್ ಶಾಫ್ಟ್ ಕಡೆಯದು.

ಇದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಮೆಕ್ಯಾನಿಕ್ ಕೈಗೆ ಕೊಡಿ. "85ರಿಂದ 105ರವರೆಗೆ ಅದುರುತ್ತೆ, ಬ್ರೇಕ್ ಹಾಕಿದ್ರೆ ಹೆಚ್ಚಾಗಲ್ಲ, ನ್ಯೂಟ್ರಲ್‌ನಲ್ಲೂ ಇರುತ್ತೆ" ಎಂದರೆ ಅವರ ಅರ್ಧ ದಿನದ ಕೆಲಸ ಉಳಿಯುತ್ತದೆ.

80 ದಾಟಿದ ಮೇಲೆ ಶುರುವಾಗುತ್ತದೆ, 110ರ ಸುಮಾರಿಗೆ ಕಡಿಮೆಯಾಗುತ್ತದೆ. ಇದೇನು?

ಹೆಚ್ಚಿನ ಸಲ ಮುಂದಿನ ಚಕ್ರಗಳ ಬ್ಯಾಲೆನ್ಸ್ ತಪ್ಪಿದೆ ಎಂದರ್ಥ. ಚಕ್ರದ ಸುತ್ತ ತೂಕ ಸಮನಾಗಿಲ್ಲದಿದ್ದರೆ ಭಾರದ ಬದಿ ಪ್ರತಿ ಸುತ್ತಿಗೂ ಚಕ್ರವನ್ನು ಹೊರಕ್ಕೆ ಎಳೆಯುತ್ತದೆ. 185/65 ಆರ್ 15 ಟೈರು 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 14 ಸುತ್ತು ತಿರುಗುತ್ತದೆ. ರಿಮ್ಮಿನ ಅಂಚಿನಲ್ಲಿ ಬರೀ 20 ಗ್ರಾಂ ವ್ಯತ್ಯಾಸವಿದ್ದರೂ ಆ ವೇಗದಲ್ಲಿ ಅದು ಸುಮಾರು 3 ಕೆ.ಜಿ. ಭಾರದಷ್ಟು ಬಲದಿಂದ ಎಳೆಯುತ್ತದೆ. ವೇಗ ಅರ್ಧವಾದರೆ ಈ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿಯೇ ಊರೊಳಗೆ ಓಡಿಸುವಾಗ ಏನೂ ಗೊತ್ತಾಗದ ಕಾರು ಬೆಂಗಳೂರು–ಮೈಸೂರು ಹೆದ್ದಾರಿಗೆ ಬಂದೊಡನೆ ನಡುಗಲು ಶುರುಮಾಡುತ್ತದೆ. ಸಸ್ಪೆನ್ಷನ್ ಮತ್ತು ಸ್ಟೇರಿಂಗ್ ತಮ್ಮ ಸಹಜ ಕಂಪನಕ್ಕೆ ತಾಳ ಸೇರುವ ವೇಗದಲ್ಲಿ ಅತಿ ಹೆಚ್ಚು ಅದುರುತ್ತವೆ. ಅದನ್ನು ದಾಟಿದರೆ ನಡುಕ ತಗ್ಗಿದಂತೆ ಕಾಣುತ್ತದೆ, ದೋಷ ಮಾತ್ರ ಅಲ್ಲೇ ಇರುತ್ತದೆ.

ಹೊಸದಾಗಿ ಶುರುವಾಗಿದ್ದರೆ ಮೊದಲು ಚಕ್ರದ ಒಳಮುಖ ನೋಡಿ. ಮಳೆಗಾಲದಲ್ಲಿ ತೋಟದ ದಾರಿ, ಕೆಸರು ರಸ್ತೆಯಲ್ಲಿ ಓಡಿಸಿದ್ದರೆ ರಿಮ್ಮಿನ ಒಳಗೆ ಕೆಮ್ಮಣ್ಣು ಒಂದೇ ಕಡೆ ಹತ್ತಿ ಒಣಗಿರುತ್ತದೆ. ಹೊರಗಿನಿಂದ ನೀರು ಹೊಡೆದರೆ ಅದು ಹೋಗುವುದಿಲ್ಲ. ಕೈ ಹಾಕಿ ಕೆರೆದು ತೊಳೆಯಬೇಕು. ಅಂಟಿಸಿದ್ದ ತೂಕದ ಪಟ್ಟಿ ಬಿದ್ದುಹೋಗಿದ್ದರೆ ಅದರ ಗಮ್ ಇದ್ದ ಚೌಕಾಕಾರದ ಗುರುತು ರಿಮ್ ಮೇಲೆ ಕಾಣುತ್ತದೆ.

ಬ್ಯಾಲೆನ್ಸಿಂಗ್ ಮಾಡಿಸಿಯೂ ಹೋಗಲಿಲ್ಲ. ಈಗ?

ಬ್ಯಾಲೆನ್ಸಿಂಗ್ ಸರಿಯಾಗಿ ಆಗಿದೆಯೇ ಎಂದು ನೋಡುವುದು ಮೊದಲ ಕೆಲಸ. ಯಂತ್ರದ ಪರದೆಯಲ್ಲಿ ಎರಡೂ ಬದಿಗೆ ಸೊನ್ನೆ ಬಂದಾಗ ಚಕ್ರವನ್ನು ಸಡಿಲಿಸಿ, ಶಾಫ್ಟ್ ಮೇಲೆ ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಓಡಿಸಲು ಹೇಳಿ. ಆಗಲೂ ಸೊನ್ನೆ ಅಥವಾ 5 ಗ್ರಾಂ ತೋರಿಸಿದರೆ ಕೆಲಸ ಸರಿಯಾಗಿದೆ. 20 ಗ್ರಾಂ, 30 ಗ್ರಾಂ ಎಂದು ತೋರಿಸಿದರೆ ಚಕ್ರ ಶಾಫ್ಟಿನ ನಡುಮಧ್ಯೆ ಕೂತೇ ಇರಲಿಲ್ಲ. ಚಕ್ರವನ್ನು ನಡುಮಧ್ಯಕ್ಕೆ ತರುವ ಯಂತ್ರದ ಕೋನ್ ಸವೆದಿರಬಹುದು, ಬೇರೆ ಅಳತೆಯ ಕೋನ್ ಹಾಕಿರಬಹುದು, ಅಥವಾ ರಿಮ್ಮಿನ ನಡುತೂತಿನಲ್ಲಿ ತುಕ್ಕು, ಮಣ್ಣು ಇದ್ದಿರಬಹುದು. ಈ ಪರೀಕ್ಷೆಗೆ ಎರಡು ನಿಮಿಷ ಸಾಕು, ಆದರೆ ಗಿರಾಕಿ ಕೇಳದೆ ಯಾರೂ ಮಾಡುವುದಿಲ್ಲ. ಕೇಳಲು ಸಂಕೋಚ ಬೇಡ.

ರಿಮ್ಮಿನ ಅಗಲ, ವ್ಯಾಸ, ಯಂತ್ರದಿಂದ ರಿಮ್ಮಿಗಿರುವ ದೂರ ಈ ಮೂರು ಅಳತೆಗಳನ್ನು ಪ್ರತಿ ಗಾಡಿಗೂ ಹೊಸದಾಗಿ ಕೊಡಬೇಕು. ಹಿಂದಿನ ಗಾಡಿಯ ಅಳತೆಯಲ್ಲೇ ಓಡಿಸಿದರೆ ಬರುವ ಲೆಕ್ಕ ತಪ್ಪು. ಹಳೆಯ ತೂಕಗಳನ್ನೆಲ್ಲ ಕಿತ್ತು ಮೊದಲಿನಿಂದ ಶುರುಮಾಡುವುದೇ ಸರಿ. ಹಳೆಯದರ ಪಕ್ಕಕ್ಕೆ ಹೊಸದು ಸೇರಿಸುತ್ತಾ ಹೋಗುವುದಲ್ಲ.

ಒಂದೇ ಚಕ್ರ 60–70 ಗ್ರಾಂಗಿಂತ ಹೆಚ್ಚು ಕೇಳಿದರೆ ತೂಕ ತುಂಬುವುದನ್ನು ನಿಲ್ಲಿಸಿ. ಗಾಳಿ ಬಿಟ್ಟು ಟೈರನ್ನು ರಿಮ್ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಟೈರಿನ ಭಾರ, ರಿಮ್ಮಿನ ಭಾರ ಎದುರುಬದುರಾಗಿ ಎಷ್ಟೋ ಸಲ ಬೇಕಾದ ತೂಕ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಹೊಸ ಟೈರಿನ ಮೇಲೆ ಹಳದಿ ಚುಕ್ಕಿ ಇದ್ದರೆ ಅದು ಟೈರಿನ ಹಗುರ ಬದಿ. ಅದನ್ನು ವಾಲ್ವ್ ಪಕ್ಕಕ್ಕೆ ಬರುವಂತೆ ಕೂರಿಸಬೇಕು.

ತೂಕ ಸಮನಾಗಿದ್ದರೂ ಚಕ್ರ ದುಂಡಗಿಲ್ಲದಿದ್ದರೆ ನಡುಕ ಹೋಗದು. ಯಂತ್ರದ ಮೇಲೆ ಚಕ್ರ ನಿಧಾನ ತಿರುಗುವಾಗ ರಿಮ್ಮಿನ ಅಂಚಿನ ಹತ್ತಿರ ಒಂದು ಸ್ಕ್ರೂಡ್ರೈವರ್ ತುದಿಯನ್ನು ಅಲುಗದಂತೆ ಹಿಡಿದು ನೋಡಿ. ನಡುವಿನ ಸಂದು ಒಂದು ಮಿ.ಮೀ.ಗಿಂತ ಹೆಚ್ಚು ಹಿಗ್ಗಿ ಕುಗ್ಗುತ್ತಿದ್ದರೆ ರಿಮ್ ಬೆಂಡ್ ಆಗಿದೆ. ಟೈರಿನ ಓಡುಮೈ, ಅಂದರೆ ನೆಲಕ್ಕೆ ತಾಗುವ ಮೈ, ಒಂದೂವರೆ ಮಿ.ಮೀ.ಗಿಂತ ಹೆಚ್ಚು ಏರಿಳಿಯುತ್ತಿದ್ದರೆ ದೋಷ ಟೈರಿನದು.

ಇಷ್ಟೆಲ್ಲ ಸರಿಯಿದ್ದರೂ ಅದುರಿದರೆ ಮುಂದಿನ ಎರಡು ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಅದೇ ಬದಿಯಲ್ಲಿ ಬದಲಿಸಿ. ನಡುಕ ಕೈಯಿಂದ ಸೀಟಿಗೆ ಹೋದರೆ ಕಳ್ಳ ಸಿಕ್ಕಿದಂತೆ, ಆ ಎರಡು ಚಕ್ರಗಳಲ್ಲೇ ದೋಷ. ಕೈಯಲ್ಲೇ ಉಳಿದರೆ ಹಬ್ (ಚಕ್ರ ಕೂರುವ ನಡುಭಾಗ), ಬ್ರೇಕ್ ಡಿಸ್ಕ್, ಡ್ರೈವ್ ಶಾಫ್ಟ್ ಕಡೆ ನೋಡಬೇಕು. ಈ ಪರೀಕ್ಷೆಗೆ ಸ್ಟೆಪ್ನಿ ಬಳಸಬೇಡಿ. ಈಗಿನ ಹಲವು ಕಾರುಗಳಲ್ಲಿ ಅದು ಚಿಕ್ಕ ಅಳತೆಯದು, 80 ಕಿ.ಮೀ. ಮಿತಿ ಎಂದು ಅದರ ಮೇಲೇ ಬರೆದಿರುತ್ತದೆ.

ಹೊರಗಿನ ಅಲಾಯ್ ಹಾಕಿಸಿದ ದಿನದಿಂದ ಶುರುವಾಗಿದೆ.

ನಡುತೂತಿನ ಅಳತೆ ನೋಡಿ. ಸ್ವಿಫ್ಟ್, ಐ20 ಹಬ್ 54.1 ಮಿ.ಮೀ., ಸಿಟಿಯದು 56.1. ಹೊರಗೆ ಸಿಗುವ ಅಲಾಯ್‌ಗಳು ಎಲ್ಲ ಕಾರಿಗೂ ಹೊಂದಲಿ ಎಂದು 67.1 ಅಥವಾ 73.1 ಮಿ.ಮೀ. ತೂತಿನೊಂದಿಗೆ ಬರುವುದುಂಟು. ಆಗ ಚಕ್ರವನ್ನು ನಡುವಿನಲ್ಲಿ ಹಿಡಿಯುವುದು ಹಬ್ ಅಲ್ಲ, ನಟ್‌ಗಳು ಮಾತ್ರ. ಬಿಗಿಯುವಾಗ ಚಕ್ರ ಕೂದಲೆಳೆಯಷ್ಟು ಪಕ್ಕಕ್ಕೆ ಕೂತರೂ ಅದುರುತ್ತದೆ. ಹಬ್ ರಿಂಗ್ ಹಾಕಿಸಿದರೆ ಹೋಗುತ್ತದೆ. ಒಳವ್ಯಾಸ ಹಬ್ಬಿಗೆ, ಹೊರವ್ಯಾಸ ರಿಮ್ಮಿಗೆ ಸರಿಯಾಗಿ ಹೊಂದಬೇಕು.

ನಟ್ಟಿನ ತಳವನ್ನೂ ನೋಡಿ. ಹೊಂಡಾದ ಮೂಲ ರಿಮ್ಮಿಗೆ ದುಂಡು ತಳದ ನಟ್ ಬೇಕು, ಹೊರಗಿನ ಅಲಾಯ್‌ಗಳಿಗೆ ಸಾಮಾನ್ಯವಾಗಿ ಕೋನ್ ತಳದ್ದು ಬೇಕು. ಅದಲುಬದಲಾದರೆ ನಟ್ ಬಿಗಿಯಾದಂತೆ ಅನ್ನಿಸುತ್ತದೆ, ಆದರೆ ಸಣ್ಣ ಅಂಚಿನ ಮೇಲೆ ಮಾತ್ರ ಕೂತು ದಾರಿಯಲ್ಲಿ ಸಡಿಲವಾಗುತ್ತದೆ. ಇದು ನಡುಕದ ವಿಚಾರವಷ್ಟೇ ಅಲ್ಲ, ಚಕ್ರ ಕಳಚುವ ವಿಚಾರ.

ವೀಲ್ ಅಲೈನ್‌ಮೆಂಟ್ ಮಾಡಿಸಿದರೆ ನಡುಕ ಹೋಗುತ್ತದೆಯೇ?

ನೇರವಾಗಿ ಹೋಗುವುದಿಲ್ಲ. ಅಲೈನ್‌ಮೆಂಟ್ ತಪ್ಪಿದರೆ ಗಾಡಿ ಒಂದು ಕಡೆ ಎಳೆಯುತ್ತದೆ, ನೇರ ಹೋಗುವಾಗ ಸ್ಟೇರಿಂಗ್ ಓರೆಯಾಗಿ ನಿಲ್ಲುತ್ತದೆ, ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಹಾಗೆ ಸವೆದ ಟೈರಿನಿಂದ ಆಮೇಲೆ ನಡುಕ ಬರಬಹುದು, ಆದರೆ ಅಷ್ಟು ಹೊತ್ತಿಗೆ ಅಲೈನ್‌ಮೆಂಟ್ ಮಾಡಿಸಿದರೂ ಸವೆದದ್ದು ಮರಳಿ ಬರದು. ಟೈರಿಗೆ ನೈಟ್ರೋಜನ್ ತುಂಬಿಸಿದರೂ ನಡುಕ ಹೋಗುವುದಿಲ್ಲ.

ಕೈಗೆ ಗೊತ್ತಾಗುವುದಿಲ್ಲ, ಸೀಟು ಅದುರುತ್ತದೆ.

ಹಿಂದಿನ ಚಕ್ರಗಳನ್ನು ನೋಡಿ. ಮೇಲೆ ಹೇಳಿದ್ದೆಲ್ಲ ಅವುಗಳಿಗೂ ಅನ್ವಯಿಸುತ್ತದೆ.

20–40 ಕಿ.ಮೀ. ವೇಗದಲ್ಲೇ ಸ್ಟೇರಿಂಗ್ ಎಡಬಲ ಓಲಾಡುತ್ತದೆ.

ಇದನ್ನು ಮುಂದೂಡಬೇಡಿ. ಬ್ಯಾಲೆನ್ಸ್ ತಪ್ಪಿದ ಚಕ್ರ ಇಷ್ಟು ನಿಧಾನದಲ್ಲಿ ಓಲಾಡುವುದಿಲ್ಲ. ಟೈರಿನೊಳಗಿನ ಉಕ್ಕಿನ ಎಳೆಗಳ ಪದರ ರಬ್ಬರಿನಿಂದ ಬಿಟ್ಟುಕೊಂಡಿರುವ ಸಾಧ್ಯತೆ ಹೆಚ್ಚು. ಬೆಂಡಾದ ರಿಮ್ ಅಥವಾ ಸಡಿಲ ನಟ್‌ಗಳೂ ಹೀಗೆ ಮಾಡುತ್ತವೆ. ಮೊದಲು ನಿಲ್ಲಿಸಿ ನಟ್ ನೋಡಿ. ಆಮೇಲೆ ಟೈರಿನ ಓಡುಮೈ ಮೇಲೆ ಅಂಗೈ ಸವರಿ. ಎಳೆಗಳು ಹೊರಚಾಚಿರಬಹುದು, ಆದ್ದರಿಂದ ಮೊದಲು ಕಣ್ಣಾಡಿಸಿ, ಕೈಗೆ ಬಟ್ಟೆ ಸುತ್ತಿಕೊಳ್ಳಿ. ಒಂದು ಕಡೆ ಉಬ್ಬಿದ್ದರೆ, ಪಟ್ಟಿಗಳ ಸಾಲು ಅಲ್ಲಿ ಸೊಟ್ಟ ಹೋಗಿದ್ದರೆ ಟೈರು ಮುಗಿದಿದೆ. ಸ್ಟೆಪ್ನಿ ಹಾಕಿಕೊಂಡು ನಿಧಾನವಾಗಿ ಟೈರಂಗಡಿಗೆ ಹೋಗಿ.

ಟೈರಿನ ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿಗಳ ತಯಾರಿಕೆಯ ಗುರುತಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದ್ದು. ಪಟ್ಟಿ ಆಳವಾಗಿದ್ದರೂ ಐದಾರು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆಯಾದರೂ ಬಿಚ್ಚಿಸಿ ಒಳಹೊರಗೆ ನೋಡಿಸಬೇಕು. ಬಿಸಿಲಲ್ಲೇ ನಿಲ್ಲುವ ಗಾಡಿಗಳಿಗೆ ಇದು ಇನ್ನೂ ಮುಖ್ಯ.

ಗುಂಡಿಗೆ ಜೋರಾಗಿ ಬಿದ್ದ ಮೇಲೆ ಶುರುವಾಯಿತು.

ರಿಮ್ಮಿನ ಒಳಅಂಚನ್ನು ಟಾರ್ಚ್ ಹಿಡಿದು ನೋಡಿ. ಪೆಟ್ಟು ಹೆಚ್ಚಾಗಿ ಬೀಳುವುದು ಹೊರಗೆ ಕಾಣುವ ಅಂಚಿಗಲ್ಲ, ಒಳಅಂಚಿಗೆ. ಟೈರಿನ ಪಕ್ಕದ ಗೋಡೆಯಲ್ಲಿ ಮೊಟ್ಟೆಯಂಥ ಉಬ್ಬು ಎದ್ದಿದ್ದರೆ ಒಳಗಿನ ದಾರಗಳು ತುಂಡಾಗಿವೆ. ಅದಕ್ಕೆ ಪ್ಯಾಚ್ ಇಲ್ಲ, ಟೈರನ್ನೇ ಬದಲಿಸಬೇಕು.

ಕಬ್ಬಿಣದ ರಿಮ್ಮಿನ ಅಂಚು ಬಗ್ಗಿದ್ದರೆ ನೇರ ಮಾಡಿಸಬಹುದು. ಅಲಾಯ್‌ನಲ್ಲಿ ಅಂಚಿನ ಸಣ್ಣ ಬಾಗು ಮಾತ್ರ ಸರಿಪಡಿಸುವಂಥದ್ದು. ಬಿರುಕು ಬಿಟ್ಟ ಅಲಾಯ್‌ಗೆ ವೆಲ್ಡಿಂಗ್ ಮಾಡಿಕೊಡುವವರು ಸಿಗುತ್ತಾರೆ, ಒಪ್ಪಬೇಡಿ. ವೆಲ್ಡಿಂಗ್ ಬಿಸಿಗೆ ಸುತ್ತಲಿನ ಲೋಹ ಬಲ ಕಳೆದುಕೊಂಡು ಮುಂದಿನ ಗುಂಡಿಯಲ್ಲಿ ಪಕ್ಕದಲ್ಲೇ ಒಡೆಯುತ್ತದೆ. ಗುಂಡಿಯ ಪೆಟ್ಟು ಜೋರಾಗಿದ್ದರೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್, ಸ್ಟೇರಿಂಗಿನಿಂದ ಚಕ್ರ ತಿರುಗಿಸುವ ಟೈ ರಾಡ್ ಬಗ್ಗಿದೆಯೇ ನೋಡಿಸಿ, ಅಲೈನ್‌ಮೆಂಟ್ ಮಾಡಿಸಿ. ಅಲೈನ್‌ಮೆಂಟಿನ ಸರದಿ ರಿಮ್, ಟೈರು ಸರಿಯಾದ ಮೇಲೆ.

ಬ್ರೇಕ್ ಒತ್ತಿದಾಗ ಮಾತ್ರ ಅದುರುತ್ತದೆ.

ಮುಂದಿನ ಬ್ರೇಕ್ ಡಿಸ್ಕ್‌ಗಳ ಕಡೆ ಬೆರಳು ತೋರಿಸುವ ಲಕ್ಷಣ ಇದು. "ಡಿಸ್ಕ್ ಬೆಂಡ್ ಆಗಿದೆ" ಎಂದು ಎಲ್ಲರೂ ಹೇಳುತ್ತಾರೆ, ಆದರೆ ಹೆಚ್ಚಿನ ಸಲ ಡಿಸ್ಕ್ ಬಗ್ಗಿರುವುದಿಲ್ಲ. ಅದರ ದಪ್ಪ ಸುತ್ತಲೂ ಒಂದೇ ಸಮನಾಗಿಲ್ಲ ಎಂಬುದು ನಿಜವಾದ ದೋಷ. ದಪ್ಪದಲ್ಲಿ 0.02 ಮಿ.ಮೀ.ನಷ್ಟು ಏರುಪೇರಿದ್ದರೂ ಪ್ಯಾಡುಗಳು ಪ್ರತಿ ಸುತ್ತಿಗೂ ಬಿಗಿಹಿಡಿದು ಬಿಟ್ಟು ಮಾಡುತ್ತವೆ, ಅದೇ ಕೈಗೆ ಬರುತ್ತದೆ.

ದಪ್ಪ ಏರುಪೇರಾಗುವುದು ಹೀಗೆ. ಡಿಸ್ಕ್ ಹಬ್ ಮೇಲೆ ತುಸು ಓರೆಯಾಗಿ ಕೂತಿದ್ದರೆ ಬ್ರೇಕ್ ಒತ್ತದಿದ್ದಾಗಲೂ ಒಂದು ಭಾಗ ಪ್ಯಾಡಿಗೆ ಉಜ್ಜುತ್ತಾ ಸಾವಿರಾರು ಕಿ.ಮೀ.ಗಳಲ್ಲಿ ಸವೆಯುತ್ತದೆ. ಓರೆಯಾಗಿ ಕೂರಲು ಕಾರಣ ಹಬ್ ಮೇಲಿನ ತುಕ್ಕು, ಅಥವಾ ಏರ್ ಗನ್‌ನಿಂದ ಒಂದು ನಟ್ಟನ್ನು ಅತಿಯಾಗಿ, ಇನ್ನೊಂದನ್ನು ಕಡಿಮೆ ಬಿಗಿದದ್ದು. ಹೊಸ ಡಿಸ್ಕ್ ಹಾಕಿದಾಗ ಚೆನ್ನಾಗಿದ್ದು ಕೆಲವು ಸಾವಿರ ಕಿ.ಮೀ. ಆದ ಮೇಲೆ ನಡುಕ ಮರಳಿ ಬರುವುದು ಇದೇ ಕಾರಣಕ್ಕೆ: ಹಬ್ಬನ್ನು ಉಜ್ಜದೆ ತುಕ್ಕಿನ ಮೇಲೇ ಹೊಸ ಡಿಸ್ಕ್ ಕೂರಿಸಿರುತ್ತಾರೆ. ಮಂಗಳೂರು, ಕಾರವಾರದ ಉಪ್ಪುಗಾಳಿಯ ಕಡೆ ಹಬ್ ತುಕ್ಕನ್ನು ವಿಶೇಷವಾಗಿ ನೋಡಲೇಬೇಕು.

ಇನ್ನೊಂದು ಕಾರಣ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್. ಅದು ಜಾರುವ ಪಿನ್‌ಗಳ ಗ್ರೀಸ್ ಒಣಗಿ ಹಿಡಿದುಕೊಂಡರೆ ಪ್ಯಾಡ್ ಡಿಸ್ಕನ್ನು ಬಿಡುವುದೇ ಇಲ್ಲ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರದಿಂದ ಮಾತ್ರ ಹೆಚ್ಚು ಬಿಸಿ ಬರುತ್ತಿದ್ದರೆ, ಸುಟ್ಟ ವಾಸನೆಯಿದ್ದರೆ ಇದೇ. ಡಿಸ್ಕ್ ಮುಟ್ಟಬೇಡಿ, ರಿಮ್ಮಿನ ಹತ್ತಿರ ಅಂಗೈ ತಂದರೆ ಸಾಕು. ಪಿನ್ ತೆಗೆದು ತೊಳೆದು ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಬೂಟ್ ಉಬ್ಬಿ ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ.

ಬ್ರೇಕ್ ಒತ್ತಿದಾಗ ನಡುಕ ಸ್ಟೇರಿಂಗಿಗಿಂತ ಸೀಟಿನಲ್ಲಿ ಹೆಚ್ಚಿದ್ದರೆ ಹಿಂದಿನ ಬ್ರೇಕ್ ಡ್ರಮ್ ದುಂಡು ತಪ್ಪಿರಬಹುದು. ಖಾಲಿ ರಸ್ತೆಯಲ್ಲಿ 30ರ ವೇಗದಲ್ಲಿ, ಹ್ಯಾಂಡ್ ಬ್ರೇಕಿನ ಬಟನ್ ಒತ್ತಿಹಿಡಿದುಕೊಂಡೇ ಅದನ್ನು ಮೆಲ್ಲಗೆ ಎಳೆದು ನೋಡಿ. ಆಗಲೂ ಅದುರಿದರೆ ಡ್ರಮ್ಮೇ. ಜೋರಾಗಿ ಬ್ರೇಕ್ ಒತ್ತಿದಾಗ ಪೆಡಲ್ ಟಕಟಕ ಹೊಡೆದುಕೊಂಡರೆ ಅದು ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡುತ್ತಿರುವ ಲಕ್ಷಣ, ದೋಷವಲ್ಲ.

ಡಿಸ್ಕ್ ಲೇತ್‌ಗೆ ಕೊಟ್ಟು ಮುಖ ಮಟ್ಟ ಮಾಡಿಸಬೇಕೇ, ಹೊಸದು ಹಾಕಿಸಬೇಕೇ?

ಅಳೆಯದೆ ಎರಡನ್ನೂ ಮಾಡಬೇಡಿ. ಮೊದಲು ಹಬ್ ಉಜ್ಜಿ, ಡಿಸ್ಕ್ ಕೂರಿಸಿ, ಎಲ್ಲ ನಟ್ ಬಿಗಿದು, ಹೊರಅಂಚಿನಿಂದ 10 ಮಿ.ಮೀ. ಒಳಗೆ ಡಯಲ್ ಗೇಜ್ ಇಟ್ಟು ಒಂದು ಸುತ್ತು ತಿರುಗಿಸಬೇಕು. ಗೇಜ್ ತೋರಿಸುವ ಓಲಾಟಕ್ಕೆ ತಯಾರಕರ ಮಿತಿ ಸಾಮಾನ್ಯವಾಗಿ 0.05ರಿಂದ 0.10 ಮಿ.ಮೀ. ನಡುವೆ ಇರುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಡಿಸ್ಕನ್ನು ಒಂದೊಂದು ಬೋಲ್ಟಿನ ಜಾಗಕ್ಕೆ ತಿರುಗಿಸಿ ಕೂರಿಸಿ ಮತ್ತೆ ಅಳೆಯಿರಿ. ಎಷ್ಟೋ ಸಲ ಒಂದು ಜಾಗದಲ್ಲಿ ಮಿತಿಯೊಳಗೆ ಬರುತ್ತದೆ. ಆಮೇಲೆ ಮೈಕ್ರೋಮೀಟರ್‌ನಿಂದ ಎಂಟು ಕಡೆ ದಪ್ಪ ಅಳೆಯಬೇಕು.

ಕನಿಷ್ಠ ದಪ್ಪ ಎಷ್ಟೆಂಬುದು ಡಿಸ್ಕ್ ಮೇಲೇ ಕೆತ್ತಿರುತ್ತದೆ. ಹೊಸದಕ್ಕೂ ಆ ಮಿತಿಗೂ ಸಾಮಾನ್ಯವಾಗಿ 2 ಮಿ.ಮೀ.ನಷ್ಟೇ ಅಂತರ. ಲೇತ್‌ನಲ್ಲಿ ಎರಡೂ ಮುಖ ತೆಗೆದ ಮೇಲೂ ಮಿತಿಗಿಂತ ಒಂದಿಷ್ಟು ಉಳಿಯುವಂತಿದ್ದರೆ ಮಾತ್ರ ಲೇತ್. ಇಲ್ಲದಿದ್ದರೆ ಹೊಸದು, ಅದೂ ಎಡಬಲ ಜೋಡಿಯಾಗಿ, ಹೊಸ ಪ್ಯಾಡ್ ಸಮೇತ. ಗಾಡಿಯ ಮೇಲೆ ಇದ್ದಂತೆಯೇ ಡಿಸ್ಕ್ ತೆಗೆಯುವ ಲೇತ್ ಇರುವ ಗ್ಯಾರೇಜ್ ಸಿಕ್ಕರೆ ಅದೇ ಒಳ್ಳೆಯದು, ಹಬ್‌ನ ಓರೆಯೂ ಅದರಲ್ಲೇ ಸರಿಹೋಗುತ್ತದೆ.

ಹೊಸ ಪ್ಯಾಡ್ ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ 60ರಿಂದ 15–20ಕ್ಕೆ ಮಧ್ಯಮ ಬಲದಲ್ಲಿ ಹತ್ತು ಸಲ ಇಳಿಸಿ, ಪ್ರತಿ ಸಲದ ನಡುವೆ ಅರ್ಧ ನಿಮಿಷ ಓಡಿಸಿ ಆರಲು ಬಿಡಿ. ಪೂರ್ತಿ ನಿಲ್ಲಿಸಬೇಡಿ.

ಘಾಟಿ ಇಳಿದ ಮೇಲೆ ಬ್ರೇಕಿನ ನಡುಕ ಶುರುವಾಯಿತು.

ಆಗುಂಬೆಯ 14 ತಿರುವುಗಳಾಗಲಿ, ಚಾರ್ಮಾಡಿ, ಶಿರಾಡಿಯಾಗಲಿ, ಮೂರನೇ ನಾಲ್ಕನೇ ಗೇರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡಿಸ್ಕ್ ವಿಪರೀತ ಕಾಯುತ್ತದೆ. ಕೆಳಗೆ ಬಂದು ಬ್ರೇಕ್ ಒತ್ತಿಹಿಡಿದು ನಿಂತರೆ ಪ್ಯಾಡಿನ ವಸ್ತು ಡಿಸ್ಕಿನ ಒಂದೇ ಜಾಗಕ್ಕೆ ಅಂಟಿ ದಪ್ಪ ಏರುಪೇರಾಗುತ್ತದೆ. ಡಿಸ್ಕ್ ಮೇಲೆ ಪ್ಯಾಡಿನ ಆಕಾರದ ಕಲೆ ಕಾಣುತ್ತದೆ. ಹೊಸದಾಗಿ ಅಂಟಿದ್ದರೆ ಮೇಲೆ ಹೇಳಿದಂತೆ ಹತ್ತು ಸಲ ಬ್ರೇಕ್ ಮಾಡಿದರೆ ಉಜ್ಜಿಹೋಗುವುದುಂಟು. ಹಳೆಯದಾದರೆ ಲೇತ್ ಬೇಕು. ಇಳಿಯುವಾಗ ಎರಡನೇ ಗೇರು ಹಾಕಿ, ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಿ. ಕಾದ ಡಿಸ್ಕ್ ಮೇಲೆ ನೀರು ಹಾಕಬೇಡಿ.

ಆಕ್ಸಿಲರೇಟರ್ ಒತ್ತಿದಾಗ ನಡುಗಿ, ಕಾಲು ತೆಗೆದರೆ ನಿಲ್ಲುತ್ತದೆ.

ಡ್ರೈವ್ ಶಾಫ್ಟಿನ ಒಳಜಾಯಿಂಟ್, ಅಂದರೆ ಗೇರ್‌ಬಾಕ್ಸ್ ಕಡೆಯದು, ಸವೆದಿರಬಹುದು. ಜನ ತುಂಬಿಸಿಕೊಂಡು ಏರು ಹತ್ತುವಾಗ ಗಾಡಿಯ ಮುಂಭಾಗ ಎಡಬಲ ತೂಗಿದಂತಾಗುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೋಗುವಾಗ ಟಕ್ ಟಕ್ ಶಬ್ದ ಬಂದರೆ ಹೊರಜಾಯಿಂಟ್. ಎರಡಕ್ಕೂ ಶುರು ರಬ್ಬರ್ ಬೂಟ್ ಹರಿಯುವುದರಿಂದ. ರಿಮ್ಮಿನ ಒಳಗೆ, ಶಾಫ್ಟ್ ಸುತ್ತ ಕಪ್ಪು ಗ್ರೀಸ್ ಚಿಮ್ಮಿದ್ದು ಕಂಡ ಕೂಡಲೇ ಬೂಟ್ ಮಾತ್ರ ಬದಲಿಸಿ ಹೊಸ ಗ್ರೀಸ್ ತುಂಬಿಸಿದರೆ ಜಾಯಿಂಟ್ ಉಳಿಯುತ್ತದೆ. ಮಣ್ಣು ಹೊಕ್ಕ ಮೇಲೆ ಉಳಿಯುವುದಿಲ್ಲ.

ಸಿಗ್ನಲ್‌ನಲ್ಲಿ ನಿಂತಾಗಲೂ ಸ್ಟೇರಿಂಗ್ ನಡುಗುತ್ತದೆ.

ಚಕ್ರಕ್ಕೆ ಸಂಬಂಧವಿಲ್ಲ. ಐಡಲ್ (ಗಾಡಿ ನಿಂತಾಗಿನ ಎಂಜಿನ್ ವೇಗ) ಆರ್‌ಪಿಎಂ ಮೀಟರಿನಲ್ಲಿ ನಿಮಿಷಕ್ಕೆ 700–900 ಸುತ್ತಿನ ನಡುವೆ ಸ್ಥಿರವಾಗಿದೆಯೇ ನೋಡಿ. ಮುಳ್ಳು ಏರಿಳಿಯುತ್ತಿದ್ದರೆ ಸ್ಪಾರ್ಕ್ ಪ್ಲಗ್, ಕಾಯಿಲ್, ಥ್ರಾಟಲ್ ಬಾಡಿಯ ಇದ್ದಿಲು ನೋಡಿಸಿ. ಮುಳ್ಳು ಸ್ಥಿರವಾಗಿದ್ದೂ ನಡುಕವಿದ್ದರೆ ಎಂಜಿನ್ ಮೌಂಟಿಂಗ್. ಎಸಿ ಹಾಕಿದಾಗ, ಆಟೊಮ್ಯಾಟಿಕ್ ಆದರೆ ಡಿ ಗೇರಿನಲ್ಲಿ ಬ್ರೇಕ್ ಒತ್ತಿ ನಿಂತಾಗ ಹೆಚ್ಚುತ್ತದೆ. ರಬ್ಬರಿನಲ್ಲಿ ಬಿರುಕು, ದ್ರವ ತುಂಬಿದ ಮೌಂಟಿಂಗ್ ಆದರೆ ಸುತ್ತ ಒದ್ದೆ ಕಾಣುತ್ತದೆ. ಮೂರು ಸಿಲಿಂಡರಿನ ಎಂಜಿನ್ ಐಡಲ್‌ನಲ್ಲಿ ನಾಲ್ಕು ಸಿಲಿಂಡರಿನದಕ್ಕಿಂತ ಸಹಜವಾಗಿಯೇ ಸ್ವಲ್ಪ ಹೆಚ್ಚು ನಡುಗುತ್ತದೆ. ಅದೇ ಮಾದರಿಯ ಇನ್ನೊಂದು ಕಾರಿನಲ್ಲಿ ಕೂತು ಹೋಲಿಸಿ ನೋಡಿ.

ಬೇರಿಂಗ್, ಟೈ ರಾಡ್ ಮನೆಯಲ್ಲೇ ನೋಡಬಹುದೇ?

ನೋಡಬಹುದು. ಸಮತಟ್ಟು ನೆಲ, ಹ್ಯಾಂಡ್ ಬ್ರೇಕ್, ಹಿಂದಿನ ಚಕ್ರಗಳಿಗೆ ಹಿಂದೆಮುಂದೆ ಕಲ್ಲು. ಮುಂದಿನ ಚಕ್ರ ನೆಲ ಬಿಡುವಷ್ಟು ಮಾತ್ರ ಎತ್ತಿ, ಸ್ಟ್ಯಾಂಡ್ ಕೊಡಿ. ಗಾಡಿಯ ಅಡಿಗೆ ಹೋಗಬೇಡಿ.

ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಇನ್ನೊಬ್ಬರು ಬ್ರೇಕ್ ಒತ್ತಿಹಿಡಿದಾಗ ಆ ಆಟ ನಿಂತುಹೋದರೆ ಬೇರಿಂಗ್ ಎಂದು ತಿಳಿಯಿರಿ. ಎಡಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟವಿದ್ದರೆ ಟೈ ರಾಡ್ ಎಂಡ್ ಅಥವಾ ಸ್ಟೇರಿಂಗ್ ರ‍್ಯಾಕ್. ಬೇರಿಂಗ್ ಹೋದರೆ ಸಾಮಾನ್ಯವಾಗಿ ಮೊದಲು ಬರುವುದು ಗುಂಯ್ ಎನ್ನುವ ಸದ್ದು. ಓಡಿಸುವಾಗ ಬಲಕ್ಕೆ ತಿರುಗಿಸಿದಾಗ ಸದ್ದು ಹೆಚ್ಚಾದರೆ ಹೆಚ್ಚಾಗಿ ಎಡಗಡೆಯದು, ಏಕೆಂದರೆ ಆಗ ಭಾರ ಎಡಕ್ಕೆ ಬೀಳುತ್ತದೆ.

ಸವೆದ ಲೋವರ್ ಆರ್ಮ್ ಬುಷ್, ಸೋತ ಶಾಕ್ ಅಬ್ಸಾರ್ಬರ್ ತಾವಾಗಿ ನಡುಕ ಹುಟ್ಟಿಸುವುದು ಕಡಿಮೆ. ಸಣ್ಣ ನಡುಕವನ್ನು ದೊಡ್ಡದು ಮಾಡಿ ಕೈಗೆ ತಲುಪಿಸುತ್ತವೆ.

ಬೊಲೆರೊ, ಇನ್ನೋವಾ, ಈಕೋದಲ್ಲಿ ಬೇರೆ ಏನಿರುತ್ತದೆ?

ಎಂಜಿನ್ ಬಲವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲರ್ ಶಾಫ್ಟ್ ಇರುತ್ತದೆ. ಅದರ ಕ್ರಾಸ್ (ತುದಿಯ ಮಡಚುವ ಜಾಯಿಂಟ್) ಸವೆದರೆ, ಶಾಫ್ಟ್ ಬ್ಯಾಲೆನ್ಸ್ ತಪ್ಪಿದರೆ ನೆಲ, ಸೀಟು ಅದುರುತ್ತದೆ. ಗೇರ್ ಹಾಕಿ ಕ್ಲಚ್ ಬಿಡುವಾಗ ಅಡಿಯಲ್ಲಿ ಟಣ್ ಎನ್ನುತ್ತದೆ. ಶಾಫ್ಟ್ ಬಿಚ್ಚುವ ಮೊದಲು ಎರಡೂ ತುದಿಗೆ ಬಣ್ಣದ ಗುರುತು ಹಾಕಿ, ಅದೇ ಜಾಗಕ್ಕೆ ಕೂರಿಸಬೇಕು. ಗುರುತಿಲ್ಲದೆ ಕೂರಿಸಿ ಹೊಸ ನಡುಕ ತಂದುಕೊಳ್ಳುವುದು ಸಾಮಾನ್ಯ.

ವೀಲ್ ನಟ್ ಎಷ್ಟು ಬಿಗಿಯಬೇಕು?

ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರ್. ನಿಮ್ಮ ಗಾಡಿಯದು ಮಾಲೀಕರ ಕೈಪಿಡಿಯಲ್ಲಿದೆ. ಚಕ್ರ ಮೇಲಿರುವಾಗ ಎಲ್ಲ ನಟ್ಟನ್ನೂ ಕೈಯಿಂದ ಕೂರಿಸಿ, ಇಳಿಸಿ, ಎದುರುಬದುರಾಗಿ ಎರಡು ಸುತ್ತಿನಲ್ಲಿ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಸ್ಪ್ಯಾನರ್ ಮೇಲೆ ಹತ್ತಿ ನಿಲ್ಲುವುದು ಬೇಡ. ಬೋಲ್ಟಿನ ಎಳೆಗೆ ಎಣ್ಣೆ ಹಚ್ಚಬೇಡಿ, ಅದೇ ಟಾರ್ಕಿಗೆ ಬೋಲ್ಟ್ ಅಳತೆ ಮೀರಿ ಎಳೆಯಲ್ಪಡುತ್ತದೆ. ಚಕ್ರ ಬಿಚ್ಚಿ ಹಾಕಿದ 50–100 ಕಿ.ಮೀ. ನಂತರ ಮತ್ತೊಮ್ಮೆ ನೋಡಿ.

ಪಂಕ್ಚರ್ ಆಗದಿರಲಿ ಎಂದು ಟೈರಿಗೆ ಜೆಲ್ ತುಂಬಿಸಿದ್ದೇನೆ. ಅದರಿಂದ ಅದುರುತ್ತದೆಯೇ?

ಅದುರಬಹುದು. ಗಾಡಿ ನಿಂತಾಗ ದ್ರವ ತಳಕ್ಕೆ ಇಳಿದು, ಹೊರಟ ಮೇಲೂ ಸಮನಾಗಿ ಹರಡದೆ ಉಳಿಯುತ್ತದೆ. ಒಣಗಿ ಗಟ್ಟಿಯಾದರೆ ಒಂದೇ ಕಡೆ ನೂರಾರು ಗ್ರಾಂ ಕೂತಂತೆ. ಜೆಲ್ ಇರುವ ಟೈರಿಗೆ ಬ್ಯಾಲೆನ್ಸಿಂಗ್ ಮಾಡಿಸಿದರೆ ಯಂತ್ರ ಪ್ರತಿ ಸಲ ಬೇರೆ ಬೇರೆ ಅಂಕಿ ತೋರಿಸುತ್ತದೆ. ಟೈರು ಬಿಚ್ಚಿಸಿ ಒಳಗೆ ತೊಳೆದು, ಒರೆಸಿ, ಮೊಳೆ ಚುಚ್ಚಿದ ಜಾಗಕ್ಕೆ ಒಳಗಿನಿಂದ ಪ್ಯಾಚ್ ಹಾಕಿಸಿ, ಆಮೇಲೆ ಬ್ಯಾಲೆನ್ಸಿಂಗ್ ಮಾಡಿಸಿ.

ತಿಂಗಳುಗಟ್ಟಲೆ ನಿಂತಿದ್ದ ಕಾರು ಹೊರತೆಗೆದಾಗ ಅದುರುತ್ತಿದೆ.

ನೆಲಕ್ಕೆ ತಾಗಿದ್ದ ಜಾಗದಲ್ಲಿ ಟೈರು ಚಪ್ಪಟೆಯಾಗಿರುತ್ತದೆ. ಗಾಳಿ ಸರಿಮಾಡಿ, 60ರೊಳಗಿನ ವೇಗದಲ್ಲಿ 20–30 ಕಿ.ಮೀ. ಓಡಿಸಿ ಟೈರು ಬಿಸಿಯಾದರೆ ಹೆಚ್ಚಿನವು ಮತ್ತೆ ದುಂಡಗಾಗುತ್ತವೆ. ಆಮೇಲೂ ಉಳಿದರೆ ಟೈರು ಹಾಗೇ ಗಟ್ಟಿಯಾಗಿದೆ, ಬದಲಿಸಬೇಕು. ಮತ್ತೆ ಹಾಗೆ ನಿಲ್ಲಿಸುವುದಿದ್ದರೆ ಟೈರಿನ ಗೋಡೆಯ ಮೇಲೆ ಬರೆದ ಗರಿಷ್ಠ ಮಿತಿ ದಾಟದಂತೆ ನಾಲ್ಕೈದು ಪಿಎಸ್‌ಐ ಹೆಚ್ಚು ಗಾಳಿ ತುಂಬಿಸಿ, ಎರಡು ವಾರಕ್ಕೊಮ್ಮೆ ಗಾಡಿಯನ್ನು ಅರ್ಧ ಚಕ್ರದಷ್ಟು ಮುಂದಕ್ಕೆ ತಳ್ಳಿಸಿ. ಓಡಿಸುವ ಮುನ್ನ ಗಾಳಿ ಮತ್ತೆ ಸ್ಟಿಕ್ಕರಿನ ಅಳತೆಗೆ ಇಳಿಸಿ.